ನಳಿಕೆಗೆ ಒಪ್ಪಿದ ಗುಂಡು

ಐವತ್ತು ಮೀಟರ್ ರೈಫಲ್ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿ.ಮೀ. ಅದಕ್ಕೆ ತಾಗಬೇಕಾದ ಗುಂಡಿನ ಅಡ್ಡಳತೆ 5.6 ಮಿ.ಮೀ. ದಶಾಂಶದಲ್ಲಿ ಅಂಕ ಎಣಿಸುವಾಗ ನಟ್ಟನಡುವೆ ಬಿದ್ದ ಗುಂಡಿಗೆ 10.9. ಅಲ್ಲಿಂದ ಹೊರಗೆ ಪ್ರತಿ 0.8 ಮಿ.ಮೀ.ಗೆ ಒಂದೊಂದು ದಶಾಂಶ ಕಳೆಯುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಮಲಗಿ ಗುಂಡು ಹಾರಿಸುವ 50 ಮೀ. ಸ್ಪರ್ಧೆಯಲ್ಲಿ ಭಾರತದ ಜೋಯ್‌ದೀಪ್ ಕರ್ಮಾಕರ್ ನಾಲ್ಕನೆಯವರಾದರು. ಕಂಚು ಗೆದ್ದ ಸ್ಲೊವೇನಿಯಾದ ರೈಮಂಡ್ ದೆಬೆವೆಚ್ ಅವರಿಗೂ ಕರ್ಮಾಕರ್‌ಗೂ ನಡುವೆ ಇದ್ದದ್ದು 1.9 ಅಂಕ. ಫೈನಲ್‌ನ ಹತ್ತು ಗುಂಡುಗಳಿಗೆ ಹಂಚಿದರೆ ಗುಂಡಿಗೆ ಒಂದೂವರೆ ಮಿಲಿಮೀಟರ್.

ಆ ಒಂದೂವರೆ ಮಿಲಿಮೀಟರ್ ಎಲ್ಲಿಂದ ಬಂತು ಎಂದು ಯಾರೂ ಬೆರಳು ಮಾಡಿ ತೋರಿಸಲಾರರು. ಉಸಿರು, ನಾಡಿ, ಬೆರಳು, ಗಾಳಿ, ರೈಫಲ್, ತೋಟಾ ಎಲ್ಲದಕ್ಕೂ ಅದರಲ್ಲಿ ಪಾಲಿರುತ್ತದೆ. ಆದರೆ ಅಳತೆ ಇಷ್ಟು ಸಣ್ಣದಾದ ಆಟದಲ್ಲಿ ತೋಟಾದ ಪಾಲೆಷ್ಟು ಎಂಬ ಪ್ರಶ್ನೆ ಗಂಭೀರವಾದದ್ದು. ನಮ್ಮಲ್ಲಿ ಅದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ. ಒಂದು, ಎಲ್ಲಕ್ಕಿಂತ ದುಬಾರಿ ಡಬ್ಬಿ ತೆಗೆದುಕೊಳ್ಳಿ ಎಂಬುದು. ಇನ್ನೊಂದು, ತೋಟಾದಲ್ಲೇನೂ ಇಲ್ಲ, ಎಲ್ಲ ಕೈಯಲ್ಲಿದೆ ಎಂಬುದು. ಎರಡೂ ಅರೆಸತ್ಯ. ನಿಖರತೆ ಡಬ್ಬಿಯೊಳಗೆ ತುಂಬಿ ಬರುವ ಗುಣವಲ್ಲ. ಒಂದು ನಿರ್ದಿಷ್ಟ ನಳಿಕೆ, ಒಂದು ನಿರ್ದಿಷ್ಟ ಲಾಟ್ (ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ತೋಟಾಗಳ ಕಂತು) ಮತ್ತು ಆ ದಿನದ ಹವೆ ಕೂಡಿದಾಗ ಹುಟ್ಟುವ ಗುಣ. ಸಾಕಷ್ಟು ಗುಂಡು ಹಾರಿಸಿ ಅಳೆಯದೆ ಅದು ಗೊತ್ತಾಗುವುದೂ ಇಲ್ಲ.

ತೋಟಾದ ಒಳಗೆ

ಗುರಿ ಕ್ರೀಡೆಯ ಬೆನ್ನೆಲುಬಾದ .22 ಲಾಂಗ್ ರೈಫಲ್ ತೋಟಾವನ್ನು 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿ ರೂಪಿಸಿತು. ಅದರ ಕಟ್ಟೋಣ ಅಂದಿನಿಂದ ಹೆಚ್ಚು ಬದಲಾಗಿಲ್ಲ. ಹಿತ್ತಾಳೆಯ ಕೋಶ, ಬುಡದ ಸುತ್ತ ಹೊರಚಾಚಿದ ಅಂಚು, ಅಂಚಿನ ಟೊಳ್ಳಿನೊಳಗೆ ಪೆಟ್ಟಿಗೆ ಸಿಡಿಯುವ ರಾಸಾಯನಿಕ (ಪ್ರೈಮರ್), ಅದರ ಮುಂದೆ ಒಂದು ಗ್ರಾಂನ ಹತ್ತನೆಯ ಒಂದು ಭಾಗದ ಆಸುಪಾಸಿನಷ್ಟು ಮದ್ದು, ಬಾಯಲ್ಲಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಗುವ ಸೀಸದ ಗುಂಡು, ಗುಂಡಿನ ಮೈಮೇಲೆ ಮೇಣದಂಥ ಲೇಪ.

ಇದರಲ್ಲಿ ಶೂಟರ್ ಕೈಹಾಕಿ ತಿದ್ದುವಂಥದ್ದು ಏನೂ ಇಲ್ಲ. ದೊಡ್ಡ ರೈಫಲ್‌ಗಳ ತೋಟಾದಲ್ಲಿ ಪ್ರೈಮರ್ ಬುಡದ ನಡುವೆ ಬೇರೆಯಾಗಿ ಕೂರುತ್ತದೆ, ಹಾಗಾಗಿ ಅದನ್ನು ಕೈಯಾರೆ ತುಂಬಿಕೊಳ್ಳುವ ಪದ್ಧತಿ ಹಲವು ದೇಶಗಳಲ್ಲಿದೆ. .22 ತೋಟಾ ಕಾರ್ಖಾನೆಯಿಂದ ಬಂದಂತೆಯೇ ಬಳಕೆಯಾಗಬೇಕು. ಶೂಟರ್‌ಗೆ ಉಳಿಯುವ ಒಂದೇ ಅಧಿಕಾರ ಆಯ್ಕೆಯದು. ಇಂಗ್ಲೆಂಡಿನ ಎಲಿಯ ಟೆನೆಕ್ಸ್, ಜರ್ಮನಿಯ ಆರ್‌ಡಬ್ಲ್ಯುಎಸ್‌ನ ಆರ್50, ಜರ್ಮನಿಯ ಶೋನೆಬೆಕ್‌ನಲ್ಲಿ ತಯಾರಾಗುವ ಲಾಪುವಾ ತೋಟಾಗಳು ವಿಶ್ವಮಟ್ಟದ ಸ್ಪರ್ಧೆಗಳಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು. ಇವುಗಳೊಳಗೆ ಯಾವುದು ಉತ್ತಮ ಎಂಬ ಚರ್ಚೆ ಮುಗಿಯದಿರುವುದಕ್ಕೆ ಕಾರಣ ಮುಂದೆ ತಿಳಿಯುತ್ತದೆ.

ವೇಗದ ಏರಿಳಿತ

ಮೊದಲ ಅಂಶ ವೇಗ. ವೇಗ ಎಷ್ಟು ಹೆಚ್ಚು ಎಂಬುದಕ್ಕಿಂತ ಗುಂಡಿನಿಂದ ಗುಂಡಿಗೆ ಅದು ಎಷ್ಟು ಸಮವಾಗಿದೆ ಎಂಬುದು ಇಲ್ಲಿ ಮುಖ್ಯ. ಗುಂಡಿನ ವೇಗವನ್ನು ಅಳೆಯಬಹುದೆಂದು ತೋರಿಸಿದವನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. ತೂಗುವ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ಹಿಂದೆ ಸರಿಯಿತೆಂಬುದರಿಂದ ವೇಗ ಲೆಕ್ಕ ಹಾಕುವ ವಿಧಾನವನ್ನು ಅವನು 1742ರಲ್ಲಿ ಪ್ರಕಟಿಸಿದ. ಇಂದು ಆ ಕೆಲಸವನ್ನು ಅಂಗೈಯಷ್ಟು ದೊಡ್ಡ ಕ್ರೋನೋಗ್ರಾಫ್ ಮಾಡುತ್ತದೆ.

ಸ್ಪರ್ಧೆಯ .22 ಗುಂಡು ನಳಿಕೆ ಬಿಡುವಾಗ ಸೆಕೆಂಡಿಗೆ 320ರಿಂದ 330 ಮೀ. ವೇಗದಲ್ಲಿರುತ್ತದೆ. ಐವತ್ತು ಮೀಟರ್ ಕ್ರಮಿಸಲು ಅದಕ್ಕೆ 0.16 ಸೆಕೆಂಡ್ ಸಾಕು. ಅಷ್ಟರೊಳಗೆ ಗುರುತ್ವ ಅದನ್ನು ಸುಮಾರು 12 ಸೆಂ.ಮೀ. ಕೆಳಗೆಳೆದಿರುತ್ತದೆ. ಈ ಇಳಿತವನ್ನು ಸೈಟ್ ಸರಿಪಡಿಸಿಕೊಡುತ್ತದೆ, ಆದರೆ ಎಲ್ಲ ಗುಂಡುಗಳೂ ಒಂದೇ ವೇಗದಲ್ಲಿದ್ದರೆ ಮಾತ್ರ. ವೇಗ ಶೇ 1ರಷ್ಟು, ಎಂದರೆ ಸೆಕೆಂಡಿಗೆ 3 ಮೀ.ನಷ್ಟು ತಗ್ಗಿದರೆ ಗುಂಡು ಸುಮಾರು 2.5 ಮಿ.ಮೀ. ಕೆಳಗೆ ಬೀಳುತ್ತದೆ. ದಶಾಂಶದ ಲೆಕ್ಕದಲ್ಲಿ ಮೂರು ಹೋಯಿತು. ಒಂದೇ ಡಬ್ಬಿಯ ಅತಿ ವೇಗದ ಮತ್ತು ಅತಿ ನಿಧಾನದ ಗುಂಡುಗಳ ನಡುವೆ ಸೆಕೆಂಡಿಗೆ 10 ಮೀ. ಅಂತರವಿದ್ದರೆ ಮೇಲೆ ಕೆಳಗಿನ ಹರವು 7 ಮಿ.ಮೀ. ದಾಟುತ್ತದೆ. ಶೂಟರ್ ಕೈ ಕಲ್ಲಿನಂತಿದ್ದರೂ ಈ ನಷ್ಟ ತಪ್ಪುವುದಿಲ್ಲ.

ಈ ಏರಿಳಿತದ ದೊಡ್ಡ ಮೂಲ ಅಂಚಿನೊಳಗಿನ ಪ್ರೈಮರ್. ಕಾರ್ಖಾನೆಯಲ್ಲಿ ರಾಸಾಯನಿಕದ ಸಣ್ಣ ಮುದ್ದೆಯನ್ನು ಕೋಶದೊಳಗಿಟ್ಟು ತಿರುಗಿಸಿ ಅಂಚಿನ ಟೊಳ್ಳಿಗೆ ತುಂಬುತ್ತಾರೆ. ಅದು ಸುತ್ತಲೂ ಒಂದೇ ದಪ್ಪಕ್ಕೆ ಹರಡದಿದ್ದರೆ ಬೆಂಕಿಯ ಬಲ ತೋಟಾದಿಂದ ತೋಟಾಕ್ಕೆ ಬದಲಾಗುತ್ತದೆ. ಮದ್ದಿನ ಪ್ರಮಾಣವೇ ಇಷ್ಟು ಕಡಿಮೆ ಇರುವಾಗ ಕಿಡಿಯ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಕೋಶದ ಬಾಯಿ ಗುಂಡನ್ನು ಹಿಡಿದಿರುವ ಬಿಗಿಯೂ ಇದರ ಜೊತೆಗೆ ಸೇರುತ್ತದೆ. ಬಿಗಿ ಹೆಚ್ಚಿದರೆ ಒತ್ತಡ ಏರುವ ತನಕ ಗುಂಡು ಜಾಗ ಬಿಡುವುದಿಲ್ಲ, ಸಡಿಲವಾದರೆ ಬೇಗ ಬಿಡುತ್ತದೆ. ರೈಫಲ್‌ನ ಫೈರಿಂಗ್ ಪಿನ್ ಸವೆದಿದ್ದರೆ, ಅದರ ಸ್ಪ್ರಿಂಗ್ ಸೊರಗಿದ್ದರೆ ಒಳ್ಳೆಯ ತೋಟಾವೂ ಕೆಟ್ಟದ್ದರಂತೆ ವರ್ತಿಸುತ್ತದೆ. ತೋಟಾವನ್ನು ದೂರುವ ಮೊದಲು ಪಿನ್ ನೋಡಬೇಕೆಂದು ಅನುಭವಿ ತರಬೇತುದಾರರು ಹೇಳುವುದು ಇದಕ್ಕೇ.

ಗುಂಡಿನ ಸಮತೂಕ

ಎರಡನೆಯ ಅಂಶ ಗುಂಡೇ. .22 ರೈಫಲ್‌ನ ನಳಿಕೆಯೊಳಗಿನ ಸುರುಳಿ ಗೀರುಗಳು ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತು ಹಾಕುತ್ತವೆ. ಆ ಲೆಕ್ಕದಲ್ಲಿ ಹೊರಬಂದ ಗುಂಡು ಸೆಕೆಂಡಿಗೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ಗುಂಡಿನ ಮೂತಿ ಮುಂದಕ್ಕೇ ಇರುವಂತೆ ಹಿಡಿಯುವುದು ಈ ತಿರುಗುವಿಕೆ. ಸೀಸದಲ್ಲೊಂದು ಗಾಳಿಗುಳ್ಳೆ ಇದ್ದು, ಅಥವಾ ಗುಂಡು ನಳಿಕೆಗೆ ಓರೆಯಾಗಿ ಹೊಕ್ಕು ತೂಕದ ಕೇಂದ್ರ ನಡುಗೆರೆಯಿಂದ ಸರಿದರೆ, ಅದೇ ತಿರುಗುವಿಕೆ ಶತ್ರುವಾಗುತ್ತದೆ. ನಳಿಕೆಯೊಳಗೆ ಗೋಡೆಯ ಹಿಡಿತದಲ್ಲಿದ್ದ ಗುಂಡು ಹೊರಬಿದ್ದೊಡನೆ ಒಂದು ಮಗ್ಗುಲು ಭಾರವಾದ ಬುಗುರಿಯಂತೆ ಪಕ್ಕಕ್ಕೆ ಜಾರುತ್ತದೆ. ತೂಕದ ಕೇಂದ್ರ ಒಂದು ಮಿಲಿಮೀಟರ್‌ನ ನೂರನೆಯ ಒಂದು ಭಾಗ ಸರಿದಿದ್ದರೂ ಐವತ್ತು ಮೀಟರ್‌ನಲ್ಲಿ ಗುಂಡು ಸುಮಾರು 8 ಮಿ.ಮೀ. ಆಚೆ ಬೀಳುತ್ತದೆ. ಹೆಚ್ಚುಕಡಿಮೆ ಒಂದು ಪೂರ್ತಿ ಅಂಕ. ಅದು ಯಾವ ಕಡೆಗೆ ಬೀಳುತ್ತದೆಂಬುದು ಗುಂಡು ಹೊರಬೀಳುವ ಕ್ಷಣದಲ್ಲಿ ಭಾರದ ಮಗ್ಗುಲು ಯಾವ ಕಡೆಗಿತ್ತು ಎಂಬುದರ ಮೇಲೆ ನಿಂತಿದೆ. ಹಾಗಾಗಿ ಸೈಟ್ ತಿರುಗಿಸಿ ಇದನ್ನು ಸರಿಪಡಿಸಲಾಗದು.

ಗುಂಡಿನ ಯಾವ ಭಾಗದ ಗಾಯ ಹೆಚ್ಚು ಕೆಡುಕು ಮಾಡುತ್ತದೆ ಎಂಬುದನ್ನು ಮೊದಲು ವ್ಯವಸ್ಥಿತವಾಗಿ ಪರೀಕ್ಷಿಸಿದವರು ಅಮೆರಿಕದ ಮ್ಯಾಸಚೂಸೆಟ್ಸ್‌ನ ವೈದ್ಯ ಫ್ರಾಂಕ್ಲಿನ್ ಮ್ಯಾನ್. ಭಾರಿ ಕಾಂಕ್ರೀಟ್ ಕಂಬದ ಮೇಲೆ ನಳಿಕೆಯನ್ನು ಕೂರಿಸಿ, ಮನುಷ್ಯನ ನಡುಕವನ್ನು ಲೆಕ್ಕದಿಂದಲೇ ತೆಗೆದುಹಾಕಿ, ದಶಕಗಳ ಕಾಲ ಪ್ರಯೋಗ ನಡೆಸಿದರು. 1909ರಲ್ಲಿ ಫಲಿತಾಂಶಗಳನ್ನು ಪುಸ್ತಕವಾಗಿ ತಂದರು. ಮೂತಿಯನ್ನು ಕೆಡಿಸಿದ ಗುಂಡು ಹೆಚ್ಚು ದಾರಿ ತಪ್ಪುವುದಿಲ್ಲ, ಬುಡವನ್ನು ಕೆಡಿಸಿದ ಗುಂಡು ಕಂಡಾಪಟ್ಟೆ ಅಲೆಯುತ್ತದೆ ಎಂಬುದು ಅವರ ಮುಖ್ಯ ಕಾಣ್ಕೆಗಳಲ್ಲೊಂದು. ಗುಂಡು ನಳಿಕೆಯ ಬಾಯಿ ದಾಟುವ ಕೊನೆಯ ಕ್ಷಣದಲ್ಲಿ ಹಿಂದಿನ ಅನಿಲ ಬುಡದ ಸುತ್ತ ಸಮವಾಗಿ ಹೊರನುಗ್ಗಬೇಕು. ಬುಡ ಒಂದು ಕಡೆ ಮುಕ್ಕಾಗಿದ್ದರೆ ಅನಿಲ ಅಲ್ಲಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ನಳಿಕೆಯ ಬಾಯಿಯ ಅಂಚಿಗೆ ಶುಚಿಗೊಳಿಸುವ ಸರಳು ತಗುಲಿ ಗಾಯವಾಗಬಾರದು ಎನ್ನುವುದಕ್ಕೂ ಕಾರಣ ಇದೇ.

ಸೀಸ ಮೆದು ಲೋಹ. ತೋಟಾವನ್ನು ನಳಿಕೆಯ ಹಿಂತುದಿಯ ಚೇಂಬರಿಗೆ ತಳ್ಳುವಾಗಲೂ ಗುಂಡು ಗೀಚಿಕೊಳ್ಳಬಹುದು. ಸ್ಪರ್ಧೆಯ ರೈಫಲ್‌ಗೆ ತೋಟಾಗಳನ್ನು ಒಂದೊಂದಾಗಿ ಕೈಯಿಂದಲೇ ಇಡುವುದು, ಡಬ್ಬಿ ಕೆಳಗೆ ಬಿದ್ದರೆ ಆ ತೋಟಾಗಳನ್ನು ಅಭ್ಯಾಸಕ್ಕೆ ಎತ್ತಿಡುವುದು, ಇವೆಲ್ಲ ಅತಿ ಜಾಗ್ರತೆಯಂತೆ ಕಂಡರೂ ಅವಕ್ಕೆ ಕಾರಣವಿದೆ.

ನಳಿಕೆಯ ಒಪ್ಪಿಗೆ

ಮೂರನೆಯ ಅಂಶ ನಳಿಕೆ. ಒಂದೇ ಕಾರ್ಖಾನೆಯಲ್ಲಿ ಒಂದೇ ವಾರ ತಯಾರಾದ ಎರಡು ನಳಿಕೆಗಳು ಒಂದೇ ಲಾಟ್‌ನ ತೋಟಾಕ್ಕೆ ಬೇರೆ ಬೇರೆ ಫಲಿತಾಂಶ ಕೊಡುವುದು ಸಾಮಾನ್ಯ. ಚೇಂಬರಿನ ಅಳತೆ, ಗುಂಡು ಸುರುಳಿಗೀರಿಗೆ ಮೊದಲು ತಾಗುವ ಜಾಗ, ಒಳಮೈಯ ನುಣುಪು, ಕೊನೆಯಲ್ಲಿನ ಬಿಗಿ, ಎಲ್ಲದರಲ್ಲೂ ಕಣ್ಣಿಗೆ ಕಾಣದ ಭೇದಗಳಿರುತ್ತವೆ. ಗುಂಡಿನ ಲಾಟ್‌ಗಳಲ್ಲೂ ಹಾಗೆಯೇ. ಸೀಸದ ತಂತಿ ಬದಲಾಗುತ್ತದೆ, ಅಚ್ಚು ಸವೆಯುತ್ತದೆ, ಪ್ರೈಮರ್ ಅನ್ನು ಹೊಸದಾಗಿ ಕಲಸಲಾಗುತ್ತದೆ. ಹಾಗಾಗಿ ಒಂದೇ ಹೆಸರು, ಒಂದೇ ಬೆಲೆಯ ಎರಡು ಲಾಟ್‌ಗಳು ಎರಡು ಬೇರೆ ಸರಕುಗಳೆಂದೇ ತಿಳಿಯಬೇಕು. ಯಾವ ತೋಟಾ ಉತ್ತಮ ಎಂಬ ಚರ್ಚೆ ಮುಗಿಯದಿರುವುದು ಇದರಿಂದ. ಯಾರ ನಳಿಕೆಗೆ, ಯಾವ ಲಾಟ್ ಎಂದು ಕೇಳದೆ ಆ ಪ್ರಶ್ನೆಗೆ ಉತ್ತರವಿಲ್ಲ.

ನಳಿಕೆಯ ಕಂಪನ ಈ ವಿಷಯದ ಅತ್ಯಂತ ಸ್ವಾರಸ್ಯದ ಭಾಗ. ಮದ್ದು ಸಿಡಿದಾಗ ನಳಿಕೆ ನಡುಗುತ್ತದೆ. ಅದರ ಬಾಯಿ ಮೇಲೆ ಕೆಳಗೆ ಆಡುತ್ತದೆ. ಬಾಯಿ ಮೇಲೇರುತ್ತಿರುವ ಹೊತ್ತಿನಲ್ಲೇ ಗುಂಡು ಹೊರಬಂದರೆ, ತುಸು ತಡವಾಗಿ ಬರುವ ನಿಧಾನದ ಗುಂಡು ತುಸು ಎತ್ತರದ ಕೋನದಲ್ಲಿ ಹೊರಡುತ್ತದೆ. ಅದು ಹೆಚ್ಚು ಇಳಿಯಬೇಕಾದದ್ದು, ಆದರೆ ಹೆಚ್ಚು ಏರಿ ಹೊರಟಿದೆ. ಎರಡೂ ಒಂದನ್ನೊಂದು ತೀರಿಸಿಕೊಂಡು ಗುರಿಯಲ್ಲಿ ಗುಂಡುಗಳು ಒಂದೆಡೆ ಸೇರುತ್ತವೆ. ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್ ದೂರದ ಗುರಿಯಲ್ಲಿ ನಿರೀಕ್ಷೆ ಮೀರಿ ಚೆನ್ನಾಗಿ ಹೊಡೆಯಲು ಇದೇ ಕಾರಣವೆಂದು ಹಳೆಯ ಶೂಟರ್‌ಗಳು ಕಂಡುಕೊಂಡಿದ್ದರು. ರೈಫಲ್ ಅನ್ನು ಮೇಜಿನ ಮೇಲೆ ಊರಿ ಹೊಡೆಯುವ ಬೆಂಚ್‌ರೆಸ್ಟ್ ಸ್ಪರ್ಧಿಗಳು ನಳಿಕೆಯ ತುದಿಗೆ ಸರಿದಾಡಿಸಬಲ್ಲ ತೂಕ ಹಾಕಿ ಈ ಹೊತ್ತನ್ನು ಹೊಂದಿಸಲು ಯತ್ನಿಸುತ್ತಾರೆ. ಕ್ರೋನೋಗ್ರಾಫ್ ಮೇಲೆ ಸಾಧಾರಣವಾಗಿ ಕಂಡ ಲಾಟ್ ಕಾಗದದ ಮೇಲೆ ಗೆಲ್ಲಬಹುದು ಎಂಬುದು ಇದರಿಂದ ಸ್ಪಷ್ಟ. ವೇಗದ ಅಂಕಿ ಸುಳಿವು ಮಾತ್ರ, ತೀರ್ಪು ಕೊಡುವುದು ಗುರಿ.

ಗುಂಡಿನ ಮೇಣದ ಲೇಪ ನಳಿಕೆಯ ಒಳಮೈಗೂ ಹತ್ತುತ್ತದೆ. ಹೊಸ ಬ್ರ್ಯಾಂಡ್‌ಗೆ ಬದಲಾಯಿಸಿದಾಗ, ಅಥವಾ ನಳಿಕೆಯನ್ನು ಪೂರ್ತಿ ಶುಚಿ ಮಾಡಿದಾಗ, ಹೊಸ ಲೇಪ ನೆಲೆಗೊಳ್ಳುವವರೆಗೆ ಮೊದಲ ಹತ್ತಿಪ್ಪತ್ತು ಗುಂಡುಗಳು ಅಲೆಯಬಹುದು. ಅವನ್ನು ನೋಡಿ ಲಾಟ್‌ನ ಗುಣ ನಿರ್ಧರಿಸುವುದು ಅನ್ಯಾಯ. ಹಾಗೆಂದು ಶುಚಿಯನ್ನು ಮರೆತರೆ ಚೇಂಬರಿನ ಮುಂದೆ ಮಸಿಯ ಗಟ್ಟಿ ಉಂಗುರ ಕಟ್ಟಿಕೊಂಡು, ಪ್ರತಿ ಗುಂಡೂ ಗೀಚಿಕೊಂಡೇ ಹೋಗುತ್ತದೆ.

ಹವೆ ಮತ್ತು ಗಾಳಿ

ಸ್ಪರ್ಧೆಯ .22 ಗುಂಡನ್ನು ಬೇಕೆಂದೇ ಶಬ್ದದ ವೇಗಕ್ಕಿಂತ ಕೆಳಗಿಟ್ಟಿರುತ್ತಾರೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀ. ಹೆಚ್ಚು ವೇಗದ ತೋಟಾಗಳು 380 ಮೀ.ನಲ್ಲಿ ಹೊರಟು, ದಾರಿಯಲ್ಲೇ ಶಬ್ದದ ವೇಗದ ಕೆಳಗಿಳಿಯುವಾಗ ಕದಡಿದ ಗಾಳಿಯಲ್ಲಿ ಹೊಯ್ದಾಡುತ್ತವೆ. ಇನ್ನೊಂದು ಸಂಗತಿ ಮೊದಲ ನೋಟಕ್ಕೆ ನಂಬಲು ಕಷ್ಟ: ಅಡ್ಡಗಾಳಿ ವೇಗದ .22 ಗುಂಡನ್ನೇ ಹೆಚ್ಚು ತಳ್ಳುತ್ತದೆ. ಪಕ್ಕಕ್ಕೆ ಸರಿಯುವುದು ಹಾರಾಟದ ಒಟ್ಟು ಸಮಯಕ್ಕಿಂತ, ಗಾಳಿಯ ತಡೆಯಿಂದ ಗುಂಡು ಕಳೆದುಕೊಂಡ ಸಮಯದ ಮೇಲೆ ನಿಂತಿದೆ. ಶಬ್ದದ ವೇಗದ ಆಸುಪಾಸಿನಲ್ಲಿ ಮತ್ತು ಮೇಲೆ ಆ ತಡೆ ಥಟ್ಟನೆ ಏರುತ್ತದೆ.

ನಿಧಾನದ ಗುಂಡಿಗೂ ಗಾಳಿ ಚಿಕ್ಕ ವಿಷಯವಲ್ಲ. ಸೆಕೆಂಡಿಗೆ ಒಂದು ಮೀಟರ್ ವೇಗದ, ಎಲೆಯನ್ನಷ್ಟೇ ಅಲುಗಿಸುವ ಅಡ್ಡಗಾಳಿ ಐವತ್ತು ಮೀಟರ್‌ನಲ್ಲಿ ಗುಂಡನ್ನು ಸುಮಾರು 5 ಮಿ.ಮೀ. ಸರಿಸುತ್ತದೆ. ಅತ್ಯುತ್ತಮ ಲಾಟ್ ಕೊಡುವ ಲಾಭವನ್ನೆಲ್ಲ ಗಮನಿಸದ ಒಂದು ತಂಗಾಳಿ ನುಂಗಬಲ್ಲದು. ಗಾಳಿ ಓದುವ ವಿದ್ಯೆ ತೋಟಾದ ಆಯ್ಕೆಗಿಂತ ಮೊದಲು ಕಲಿಯಬೇಕಾದದ್ದು.

ಉಷ್ಣಾಂಶ ಮದ್ದಿನ ಉರಿಯನ್ನೂ ಲೇಪದ ಮೆದುತನವನ್ನೂ ಬದಲಿಸುತ್ತದೆ. ಬಯಾತ್ಲಾನ್ 1978ರಲ್ಲಿ .22 ರೈಫಲ್‌ಗೆ ಬದಲಾದ ಮೇಲೆ ಹಿಮದ ಚಳಿಗೆಂದೇ ಬೇರೆ ತೋಟಾಗಳು ಬಂದವು. ಚಳಿಯಲ್ಲಿ ಗಡುಸಾಗುವ ಲೇಪ, ಸೊರಗುವ ಕಿಡಿ, ಇಳಿಯುವ ವೇಗ ಅಲ್ಲಿನ ಸಮಸ್ಯೆ. ನಮ್ಮದು ತಿರುಗುಮುರುಗು. ಜರ್ಮನಿಯ ಹದವಾದ ಒಳಾಂಗಣದಲ್ಲಿ ಪರೀಕ್ಷಿಸಿ ಆರಿಸಿದ ಲಾಟ್ ದೆಹಲಿಯ ತುಘಲಕಾಬಾದ್ ರೇಂಜ್‌ನಲ್ಲಿ ಮೇ ತಿಂಗಳ 40 ಡಿಗ್ರಿ ಬಿಸಿಲನ್ನು ಎದುರಿಸಬೇಕು. ಬಿಸಿಲಿಗೆ ಬಿಟ್ಟ ಡಬ್ಬಿಯಲ್ಲಿ ಮೇಣ ಕರಗಿ ಜಾರುತ್ತದೆ, ವೇಗ ತುಸು ಏರುತ್ತದೆ. ಎತ್ತರಕ್ಕೂ ಪಾಲಿದೆ. ಸಮುದ್ರಮಟ್ಟದಿಂದ ಸುಮಾರು 920 ಮೀ. ಮೇಲಿರುವ ಬೆಂಗಳೂರಿನಲ್ಲಿ ಗಾಳಿ ಸುಮಾರು ಶೇ 9ರಷ್ಟು ತೆಳು. ಗಾಳಿಯ ತಳ್ಳುವಿಕೆ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ. ಇಲ್ಲಿ ಅಭ್ಯಾಸ ಮಾಡಿದವರು ತಿರುವನಂತಪುರದ ರೇಂಜ್‌ಗೆ ಹೋದಾಗ ಅದೇ ಗಾಳಿಗೆ ತುಸು ಹೆಚ್ಚು ಬೆಲೆ ತೆರಬೇಕಾಗುತ್ತದೆ.

ದೂರ ಹೆಚ್ಚಿದಾಗ

300 ಮೀಟರ್ ಮತ್ತು 1000 ಗಜದ ದೊಡ್ಡ ರೈಫಲ್ ಸ್ಪರ್ಧೆಗಳಲ್ಲಿ ಇದೇ ಅಂಶಗಳ ತೂಕ ಬದಲಾಗುತ್ತದೆ. ಸಾವಿರ ಗಜದಲ್ಲಿ .308 ಗುಂಡಿನ ವೇಗ ಶೇ 1ರಷ್ಟು ತಗ್ಗಿದರೆ ಇಳಿತ ಸುಮಾರು 20 ಸೆಂ.ಮೀ. ಹೆಚ್ಚುತ್ತದೆ. ಅಮೆರಿಕದ ಎಫ್-ಕ್ಲಾಸ್ ಗುರಿಯಲ್ಲಿ ಆ ದೂರಕ್ಕೆ ಹತ್ತರ ವೃತ್ತದ ಅಡ್ಡಳತೆಯೇ 10 ಇಂಚು, ಅಂದರೆ 25.4 ಸೆಂ.ಮೀ. ಹಾಗಾಗಿ ಅಲ್ಲಿನ ಸ್ಪರ್ಧಿಗಳು ಕೋಶದ ಕತ್ತಿನ ಬಿಗಿ, ಮದ್ದಿನ ತೂಕ, ಗುಂಡು ಕೂರುವ ಆಳ ಇವುಗಳಿಗೆ ಅಷ್ಟೊಂದು ಹೊತ್ತು ಕೊಡುತ್ತಾರೆ. ಇಂಗ್ಲೆಂಡಿನ ಬಿಸ್ಲಿಯಲ್ಲಿ ಇದಕ್ಕೆ ವಿರುದ್ಧವಾದ ಸಂಪ್ರದಾಯವೊಂದು ಬೆಳೆದಿದೆ. ಅಲ್ಲಿನ ಫುಲ್‌ಬೋರ್ ಸ್ಪರ್ಧೆಗಳಲ್ಲಿ ಎಲ್ಲರಿಗೂ ಸಂಘಟಕರೇ ಒಂದೇ ಬಗೆಯ ತೋಟಾ ಹಂಚುತ್ತಾರೆ. ತೋಟಾದ ಗುಣ ಎಲ್ಲರಿಗೂ ಸಮವಾದಾಗ ಸ್ಪರ್ಧೆ ಗಾಳಿ ಓದುವ ಕಣ್ಣಿನದಾಗುತ್ತದೆ. ಹಣದ ಬಲ ಆಟದಲ್ಲಿ ಎಷ್ಟಿರಬೇಕು ಎಂಬ ಪ್ರಶ್ನೆಗೆ ಅದೊಂದು ಗೌರವದ ಉತ್ತರ.

ಅಳೆಯುವ ಬಗೆ

ಕೊನೆಯ ಅಂಶ ತೋಟಾದಲ್ಲಾಗಲಿ ರೈಫಲ್‌ನಲ್ಲಾಗಲಿ ಇಲ್ಲ, ನಮ್ಮ ಲೆಕ್ಕದಲ್ಲಿದೆ. ಅತಿ ಹೆಚ್ಚು ತಪ್ಪುಗಳಾಗುವುದೂ ಇಲ್ಲೇ. ಐದು ಗುಂಡು ಹಾರಿಸಿ, ಗುರಿಯ ಮೇಲೆ ಅವು ಹರಡಿದ ಗ್ರೂಪ್ ಅಳೆದು, ತೋಟಾವನ್ನು ಆರಿಸುವ ಅಥವಾ ತಿರಸ್ಕರಿಸುವ ರೂಢಿ ವ್ಯಾಪಕವಾಗಿದೆ. ಒಂದೇ ರೈಫಲ್, ಒಂದೇ ಲಾಟ್, ಏನೂ ಬದಲಾಗಿಲ್ಲ ಎಂದುಕೊಳ್ಳಿ. ಆಗಲೂ ಐದು ಗುಂಡಿನ ಒಂದು ಗ್ರೂಪ್ 12 ಮಿ.ಮೀ., ಮುಂದಿನದು 20 ಮಿ.ಮೀ. ಬರುವುದು ಸಹಜ. ಸರಾಸರಿಯಿಂದ ಆಚೀಚೆ ಕಾಲು ಭಾಗದಷ್ಟು ಆಡುವುದು ಐದು ಗುಂಡಿನ ಗ್ರೂಪ್‌ನ ಸ್ವಭಾವ. ಹತ್ತು ಲಾಟ್‌ಗಳನ್ನು ಒಂದೊಂದು ಗ್ರೂಪ್‌ನಿಂದ ಪರೀಕ್ಷಿಸಿ ಅತಿ ಚಿಕ್ಕದನ್ನು ಆರಿಸಿದರೆ, ಹೆಚ್ಚಿನ ಸಲ ಆರಿಸಿದ್ದು ಅದೃಷ್ಟವನ್ನೇ. ಮರುದಿನ ಅದೇ ಲಾಟ್ ಸಾಧಾರಣವಾಗಿ ಕಂಡಾಗ ಶೂಟರ್ ತನ್ನ ಕೈಯನ್ನು ಅನುಮಾನಿಸತೊಡಗುತ್ತಾನೆ. ಆಟಗಾರನ ಆತ್ಮವಿಶ್ವಾಸಕ್ಕೆ ಇದಕ್ಕಿಂತ ದೊಡ್ಡ ಹಾನಿ ಇಲ್ಲ.

ತಯಾರಕರ ಪರೀಕ್ಷಾ ಕೇಂದ್ರಗಳಲ್ಲಿ ನಳಿಕೆಯನ್ನು ಭದ್ರವಾದ ಹಿಡಿಕೆಯಲ್ಲಿ ಕೂರಿಸಿ, ಪ್ರತಿ ಲಾಟ್‌ನಿಂದ ಹತ್ತು ಹತ್ತು ಗುಂಡುಗಳ ಹಲವು ಗ್ರೂಪ್ ಹಾರಿಸಿ, ಎಲೆಕ್ಟ್ರಾನಿಕ್ ಗುರಿಯಲ್ಲಿ ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿ ನೋಡುತ್ತಾರೆ. ಅತಿ ದೂರದ ಎರಡು ರಂಧ್ರಗಳ ಅಂತರವನ್ನಷ್ಟೇ ಅಳೆಯದೆ, ಕೇಂದ್ರದಿಂದ ಪ್ರತಿ ಗುಂಡಿನ ಸರಾಸರಿ ದೂರ ನೋಡುವುದು ಹೆಚ್ಚು ನಂಬಲರ್ಹ. ಆರಿಸಿದ ಲಾಟ್ ಅನ್ನು ಇನ್ನೊಂದು ದಿನ ಮತ್ತೆ ಪರೀಕ್ಷಿಸಿದರೆ ಮಾತ್ರ ಆಯ್ಕೆಗೆ ಬೆಲೆ.

ತೋಟಾದ ಅಂಚಿನ ದಪ್ಪ ಅಳೆದು, ಇಡೀ ತೋಟಾದ ತೂಕ ನೋಡಿ ವಿಂಗಡಿಸುವ ಅಭ್ಯಾಸವೂ ಇದೆ. ಅಗ್ಗದ ತೋಟಾದಲ್ಲಿ ತೀರಾ ವಿಚಿತ್ರವಾದವನ್ನು ಹೊರಗಿಡಲು ಅದು ನೆರವಾಗಬಹುದು. ಆದರೆ ಒಟ್ಟು ತೂಕದಲ್ಲಿ ಗುಂಡು ಮತ್ತು ಹಿತ್ತಾಳೆಯ ವ್ಯತ್ಯಾಸವೇ ಮದ್ದಿನ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ. ಉತ್ತಮ ದರ್ಜೆಯ ಲಾಟ್‌ನಲ್ಲಿ ಈ ಶ್ರಮಕ್ಕೆ ಸಿಗುವ ಫಲ ಕಡಿಮೆ. ಆ ಹೊತ್ತನ್ನು ಅಭ್ಯಾಸಕ್ಕೆ ಕೊಡುವುದು ಲೇಸು.

ಇನ್ನು ಶೂಟರ್‌ನ ಹರವು, ತೋಟಾದ ಹರವು ನೇರವಾಗಿ ಕೂಡುವುದಿಲ್ಲ. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು. ಉದಾಹರಣೆಗೆ, ಕಲಿಯುತ್ತಿರುವವನ ಹರವು 30 ಮಿ.ಮೀ., ತೋಟಾದ್ದು 15 ಎಂದಿಟ್ಟುಕೊಂಡರೆ ಒಟ್ಟು 33.5. ತೋಟಾವನ್ನು 12ಕ್ಕೆ ಇಳಿಸಿದರೆ ಒಟ್ಟು 32.3. ಹಣ ಹೋಯಿತು, ಅಂಕ ಹೆಚ್ಚೇನೂ ಬರಲಿಲ್ಲ. ಪಳಗಿದವಳ ಹರವು 12 ಆಗಿದ್ದರೆ ಅದೇ ಬದಲಾವಣೆ ಒಟ್ಟನ್ನು 19.2ರಿಂದ 17ಕ್ಕೆ ಇಳಿಸುತ್ತದೆ. ಅವಳಿಗೆ ಅದು ಪದಕದ ಲೆಕ್ಕ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಲಾಟ್‌ನ ಚಿಂತೆ ಯಾರಿಗೂ ಬೇಕಿಲ್ಲ, ಕಾಯಿಯ ಗಾತ್ರದ ಮುಂದೆ ತೋಟಾದ ಹರವು ನಗಣ್ಯ. ಗುರಿ ಚಿಕ್ಕದಾದಂತೆ, ಕೈ ಪಳಗಿದಂತೆ ತೋಟಾದ ಪಾಲು ಬೆಳೆಯುತ್ತದೆ.

ನಮ್ಮಲ್ಲಿ ಆಗಬೇಕಾದದ್ದು

2010ರಲ್ಲಿ ಮ್ಯೂನಿಕ್‌ನಲ್ಲಿ ತೇಜಸ್ವಿನಿ ಸಾವಂತ್ ಮಲಗಿ ಹೊಡೆಯುವ 50 ಮೀ. ಸ್ಪರ್ಧೆಯಲ್ಲಿ ವಿಶ್ವ ಚಾಂಪಿಯನ್ ಆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀ. ತ್ರೀ ಪೊಸಿಷನ್‌ನಲ್ಲಿ 451.4 ಅಂಕಗಳೊಂದಿಗೆ ಕಂಚು ಗೆದ್ದರು. ಪ್ರತಿಭೆ ಇದೆ ಎಂಬುದಕ್ಕೆ ಇನ್ನು ಪುರಾವೆ ಬೇಡ. ಆದರೆ ಈ ಮಟ್ಟದ ತೋಟಾ ನಮಗೆ ಹೊರದೇಶದಿಂದಲೇ ಬರಬೇಕು. ಆಮದಿನ ಪರವಾನಗಿ, ಶೂಟರ್‌ನ ದರ್ಜೆಗೆ ತಕ್ಕ ಕೋಟಾ, ಏರುವ ಬೆಲೆ ಎಲ್ಲವನ್ನೂ ದಾಟಿ ಡಬ್ಬಿ ಕೈಸೇರಿದಾಗ ಅದು ಯಾವ ಲಾಟ್ ಎಂದು ಆರಿಸುವ ಅವಕಾಶ ಹೆಚ್ಚಿನವರಿಗೆ ಇರುವುದಿಲ್ಲ. ಜರ್ಮನಿಗೋ ಇಂಗ್ಲೆಂಡಿಗೋ ರೈಫಲ್ ಒಯ್ದು ಪರೀಕ್ಷಿಸುವುದು ರಾಷ್ಟ್ರೀಯ ತಂಡದವರಿಗೆ ಸಾಧ್ಯವಾದೀತು, ಜಿಲ್ಲೆಯ ಹುಡುಗಿಗೆ ಆಗದು.

ಆದ್ದರಿಂದ ಖರ್ಚಿನ ಕ್ರಮವನ್ನು ಸರಿಪಡಿಸಬೇಕು. ಕಲಿಯುವವರು ಸಾಧಾರಣ ದರ್ಜೆಯ ಒಂದೇ ತೋಟಾವನ್ನು ಹೆಚ್ಚು ಪ್ರಮಾಣದಲ್ಲಿ ಹಾರಿಸಲಿ; ಗಾಳಿ ಓದಲಿ; ರೈಫಲ್‌ನ ಪಿನ್ ಮತ್ತು ನಳಿಕೆಯನ್ನು ಒಪ್ಪವಾಗಿಡಲಿ. ತಮ್ಮ ಹರವು ತೋಟಾದ ಹರವಿಗೆ ಹತ್ತಿರ ಬಂದಾಗ ಮಾತ್ರ ಲಾಟ್ ಪರೀಕ್ಷೆಗೆ ಇಳಿಯಲಿ. ಹತ್ತು ಮೀಟರ್ ಏರ್ ರೈಫಲ್‌ನ ಪೆಲೆಟ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಸಂಘಗಳು ಮಾಡಬೇಕಾದ ಕೆಲಸ ಇದಕ್ಕಿಂತ ದೊಡ್ಡದು, ಆದರೆ ಅಸಾಧ್ಯವೇನಲ್ಲ. ಪ್ರತಿ ರಾಜ್ಯದ ಮುಖ್ಯ ರೇಂಜ್‌ನಲ್ಲಿ ನಳಿಕೆಯನ್ನು ಹಿಡಿದಿಡುವ ಒಂದು ಭದ್ರ ಚೌಕಟ್ಟು, ಒಂದು ಎಲೆಕ್ಟ್ರಾನಿಕ್ ಗುರಿ ಮತ್ತು ಒಂದು ಕ್ರೋನೋಗ್ರಾಫ್ ಇರಲಿ. ಆಮದಾದ ಪ್ರತಿ ಲಾಟ್‌ನಿಂದ ಒಂದಷ್ಟನ್ನು ಪರೀಕ್ಷೆಗೆ ತೆಗೆದಿಟ್ಟು, ಯಾವ ನಳಿಕೆಗೆ ಯಾವ ಲಾಟ್ ಒಪ್ಪಿತು ಎಂಬ ದಾಖಲೆಯನ್ನು ಎಲ್ಲರಿಗೂ ತೆರೆದಿಡಲಿ. ಒಬ್ಬೊಬ್ಬರೇ ಐದೈದು ಗುಂಡು ಹಾರಿಸಿ ಊಹಿಸುವ ಬದಲು ನೂರಾರು ಗುಂಡುಗಳ ಸಾಕ್ಷ್ಯ ಕೈಗೆ ಸಿಗುತ್ತದೆ. ಹಾಗಾದಾಗ ಉತ್ತಮ ತೋಟಾ ಹಣವಂತರ ಅನುಕೂಲವಾಗಿ ಉಳಿಯದೆ, ಅದಕ್ಕೆ ಅರ್ಹವಾಗುವಷ್ಟು ಕೈ ಪಳಗಿಸಿಕೊಂಡ ಯಾರಿಗೇ ಆದರೂ ಸಿಗುವ ಸಲಕರಣೆಯಾಗುತ್ತದೆ.